ಕಂಪನಿ ನೌಕರನ ಏಳು ಪ್ರಬಂಧಗಳು

1968ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದರ ಬೆನ್ನಿಗೊಂದು ಏಳು ಸಂಶೋಧನಾ ಪ್ರಬಂಧಗಳು ಅಚ್ಚಾದವು. ಏಳಕ್ಕೂ ಲೇಖಕರು ಒಬ್ಬರೇ, ರಿಚರ್ಡ್ ಎಫ್. ಹೆಕ್. ಸಹಲೇಖಕರಿಲ್ಲ, ಗೈಡ್ ಹೆಸರಿಲ್ಲ, ಹಿಂದೆ ಪಿಎಚ್.ಡಿ ವಿದ್ಯಾರ್ಥಿಗಳ ದಂಡೂ ಇಲ್ಲ. ಅವರು ಆಗ ಯಾವ ವಿಶ್ವವಿದ್ಯಾಲಯದ ಪ್ರೊಫೆಸರೂ ಆಗಿರಲಿಲ್ಲ. ಹರ್ಕ್ಯುಲಿಸ್ ಎಂಬ ಕಂಪನಿಯಲ್ಲಿ ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದ ಕೆಮಿಸ್ಟ್. 42 ವರ್ಷಗಳ ನಂತರ, 2010ರಲ್ಲಿ, ಆ ಏಳು ಪ್ರಬಂಧಗಳಿಂದ ಶುರುವಾದ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂತು. ಆಗ ಅವರಿಗೆ 79 ವರ್ಷ.

ನಮ್ಮ ಕಾಲೇಜುಗಳಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ. ರಿಸರ್ಚ್ ಬೇಕಿದ್ದರೆ ಎಂ.ಟೆಕ್, ಪಿಎಚ್.ಡಿ ಕಡೆ ಹೋಗು. ಕೆಲಸ ಬೇಕಿದ್ದರೆ ಪ್ಲೇಸ್‌ಮೆಂಟ್‌ಗೆ ಕೂರು. ಎರಡು ದಾರಿ, ನಡುವೆ ಗೋಡೆ. ಕೆಮಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್‌ನಲ್ಲಿರುವ ನಾನೂ ಈ ಮಾತನ್ನು ಮೂರು ವರ್ಷದಿಂದ ಕೇಳಿಕೊಂಡೇ ಬಂದಿದ್ದೇನೆ. ಆ ಗೋಡೆ ನಿಜವಾಗಿಯೂ ಇದೆಯೇ ಎಂದು ನನಗೆ ಅನುಮಾನ ಹುಟ್ಟಿದ್ದು ಹೆಕ್ ಅವರ ಬದುಕಿನ ಬಗ್ಗೆ ಓದಿದ ಮೇಲೆ. ಹಾಗಂತ ಇದು ‘ಕಷ್ಟಪಟ್ಟರೆ ಫಲ ಖಂಡಿತ’ ಎಂಬ ಮಾಮೂಲಿ ಸ್ಫೂರ್ತಿ ಕಥೆಯಲ್ಲ. ಅವರಿಗೆ ಫಲ ಸಿಕ್ಕ ರೀತಿ ನೋಡಿದರೆ ನಮ್ಮ ಹೊಟ್ಟೆಯಲ್ಲೂ ಒಂದಿಷ್ಟು ಸಂಕಟವಾಗುತ್ತದೆ.

ಅಂಗಳದ ಗಿಡಗಳಿಂದ ಲ್ಯಾಬಿಗೆ

ಹೆಕ್ ಹುಟ್ಟಿದ್ದು 1931ರ ಆಗಸ್ಟ್ 15ರಂದು, ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಎಂಟು ವರ್ಷದವರಿದ್ದಾಗ ಕುಟುಂಬ ಲಾಸ್ ಏಂಜಲೀಸ್‌ಗೆ ಬಂತು. ಹೊಸ ಮನೆಯ ಸುತ್ತ ಗಿಡ ನೆಡುವ ಕೆಲಸದಲ್ಲಿ ಹುಡುಗನಿಗೆ ಆಸಕ್ತಿ ಹುಟ್ಟಿತು, ಮುಂದೆ ಆರ್ಕಿಡ್ ಬೆಳೆಸುವ ಹುಚ್ಚು ಹಿಡಿಯಿತು. ಗಿಡಕ್ಕೆ ಏನು ಹಾಕಿದರೆ ಚೆನ್ನಾಗಿ ಬರುತ್ತದೆ ಎಂಬ ಪ್ರಶ್ನೆಯೇ ಕೆಮಿಸ್ಟ್ರಿಗೆ ಕರೆದುಕೊಂಡು ಹೋಯಿತು. ಗೊಬ್ಬರದ ಚೀಲದ ಮೇಲಿನ ಎನ್‌ಪಿಕೆ ಅಂಕಿ ಓದುತ್ತ ಬೆಳೆದ ನಮ್ಮಂಥ ರೈತರ ಮಕ್ಕಳಿಗೆ ಇದು ಅಪರಿಚಿತ ದಾರಿಯೇನಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ 1952ರಲ್ಲಿ ಪದವಿ, 1954ರಲ್ಲಿ ಪಿಎಚ್.ಡಿ. ಗುರು ಸಾಲ್ ವಿನ್‌ಸ್ಟೈನ್. ರಾಸಾಯನಿಕ ಕ್ರಿಯೆಯೊಂದು ಹೇಗೆ ನಡೆಯುತ್ತದೆ, ಯಾವ ಬಂಧ ಮೊದಲು ಮುರಿಯುತ್ತದೆ, ಯಾವುದು ಆಮೇಲೆ ಕೂಡುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡುವುದರಲ್ಲಿ ಹೆಸರು ಮಾಡಿದವರು ಅವರು. ಅಲ್ಲಿಂದ ಹೆಕ್ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ಗೆ ಹೋಗಿ, ಮುಂದೆ 1975ರಲ್ಲಿ ನೊಬೆಲ್ ಪಡೆದ ವ್ಲಾಡಿಮಿರ್ ಪ್ರೆಲಾಗ್ ಅವರ ಬಳಿ ಸ್ವಲ್ಪ ಕಾಲ ಕೆಲಸ ಮಾಡಿ ಬಂದರು.

ಇಷ್ಟು ದೊಡ್ಡ ಗುರುಗಳ ಕೈಯಲ್ಲಿ ಪಳಗಿದವರು ಪ್ರೊಫೆಸರ್ ಆಗಬೇಕು ತಾನೆ? ಹೆಕ್ ಕಂಪನಿ ಸೇರಿದರು.

ಸಿಡಿಮದ್ದಿನ ಕಂಪನಿಯಲ್ಲಿ

ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿದ್ದ ಹರ್ಕ್ಯುಲಿಸ್ ಪೌಡರ್ ಕಂಪನಿ ಹುಟ್ಟಿದ್ದು 1912ರಲ್ಲಿ. ಸಿಡಿಮದ್ದಿನ ವ್ಯಾಪಾರದಲ್ಲಿ ಏಕಸ್ವಾಮ್ಯ ಸಾಧಿಸಿದ್ದ ಡುಪಾಂಟ್ ಕಂಪನಿಯನ್ನು ಅಮೆರಿಕದ ನ್ಯಾಯಾಲಯ ಒಡೆದಾಗ ಅದರಿಂದ ಹೊರಬಿದ್ದ ತುಂಡು ಅದು. ಹೆಸರಿನಲ್ಲಿರುವ ‘ಪೌಡರ್’ ಮುಖಕ್ಕೆ ಹಚ್ಚುವ ಪೌಡರ್ ಅಲ್ಲ, ಮದ್ದಿನ ಪುಡಿ. ಹೆಕ್ ಸೇರುವ ಹೊತ್ತಿಗೆ, ಅಂದರೆ 1950ರ ದಶಕದ ಕೊನೆಗೆ, ಕಂಪನಿ ಪಾಲಿಮರ್‌ಗಳ ಕಡೆಗೂ ಕೈಚಾಚಿತ್ತು. ಅವರ ಮೊದಲ ಕೆಲಸ ಪಾಲಿಮರ್ ವಿಭಾಗದಲ್ಲೇ.

ಆಮೇಲೆ ಮೇಲಧಿಕಾರಿ ಡೇವಿಡ್ ಬ್ರೆಸ್ಲೊ ಅವರಿಗೆ ಬೇರೆ ಕೆಲಸ ಹಚ್ಚಿದರು. ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ಪಲ್ಲೇಡಿಯಂನಂಥ ಸಂಕ್ರಮಣ ಲೋಹಗಳ ಮೇಲೆ ಏನಾದರೂ ಮಾಡಿ ನೋಡಿ ಎಂಬಷ್ಟೇ ಸೂಚನೆ. ಏನು ಮಾಡಬೇಕು, ಯಾವ ಪ್ರಾಡಕ್ಟ್ ಬರಬೇಕು, ಯಾವ ತಾರೀಖಿಗೆ ಎಂಬ ಪಟ್ಟಿ ಇರಲಿಲ್ಲ. ಈ ಭಾಗ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ. ಇಂಟರ್ನ್‌ಶಿಪ್‌ನ ಮೊದಲ ದಿನವೇ ವಾರದ ಟಾರ್ಗೆಟ್ ಶೀಟ್ ಕೈಗೆ ಬರುವ ಕಾಲದಲ್ಲಿ ನಾವಿದ್ದೇವೆ.

ಬ್ರೆಸ್ಲೊ ಜೊತೆ ಸೇರಿ ಹೆಕ್ ಮೊದಲು ಕೈಹಾಕಿದ್ದು ‘ಆಕ್ಸೋ ಪ್ರಕ್ರಿಯೆ’ಗೆ. 1938ರಲ್ಲಿ ಜರ್ಮನಿಯ ಒಟ್ಟೋ ರೋಲನ್ ಕಂಡುಹಿಡಿದ ಕ್ರಿಯೆ ಇದು. ಪೆಟ್ರೋಲಿಯಂನಿಂದ ಬರುವ ಆಲ್ಕೀನ್‌ಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸೇರಿಸಿ ಆಲ್ಡಿಹೈಡ್ ಮಾಡುವುದು. ಕಾರ್ಖಾನೆಗಳು ಇದನ್ನು ಆಗಲೇ ಟನ್‌ಗಟ್ಟಲೆ ಮಾಡುತ್ತಿದ್ದವು. ಆದರೆ ಒಳಗೆ ಕೋಬಾಲ್ಟ್ ಏನು ಮಾಡುತ್ತದೆ ಎಂಬುದಕ್ಕೆ ತೃಪ್ತಿಕರ ಉತ್ತರವಿರಲಿಲ್ಲ. ಗುರು ವಿನ್‌ಸ್ಟೈನ್ ಕಲಿಸಿದ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. 1960ರ ದಶಕದ ಆರಂಭದಲ್ಲಿ ಇಬ್ಬರೂ ಆ ಕ್ರಿಯೆಯ ಒಂದೊಂದು ಹೆಜ್ಜೆಯನ್ನೂ ಬಿಡಿಸಿಟ್ಟರು. ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಅದು ‘ಹೆಕ್–ಬ್ರೆಸ್ಲೊ ಮೆಕ್ಯಾನಿಸಂ’ ಎಂದೇ ಇದೆ. ಕಾರ್ಖಾನೆ ಓಡುತ್ತಿದೆಯಲ್ಲ, ಒಳಗೆ ಏನಾದರೆ ನಮಗೇನು ಎನ್ನದೆ ‘ಯಾಕೆ ಓಡುತ್ತಿದೆ’ ಎಂದು ಕೇಳಿದ್ದರಿಂದ ಅವರಿಗೆ ಮುಂದಿನ ಬಾಗಿಲು ತೆರೆಯಿತು.

ದಲ್ಲಾಳಿ ಲೋಹ

ಈಗ ಕೆಮಿಸ್ಟ್ರಿಗೆ ಬರೋಣ. ಬೇರೆ ಬ್ರಾಂಚಿನವರು ಪುಟ ತಿರುವಬೇಡಿ, ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಔಷಧ, ಬಣ್ಣ, ಕೀಟನಾಶಕ, ಪ್ಲಾಸ್ಟಿಕ್ ಎಲ್ಲದರ ಬೆನ್ನೆಲುಬು ಕಾರ್ಬನ್. ಹೊಸ ವಸ್ತು ಮಾಡಬೇಕೆಂದರೆ ಒಂದು ಕಾರ್ಬನ್ನಿಗೆ ಇನ್ನೊಂದು ಕಾರ್ಬನ್ನನ್ನು, ಅದೂ ನಮಗೆ ಬೇಕಾದ ಜಾಗದಲ್ಲೇ ಜೋಡಿಸಬೇಕು. ಸಮಸ್ಯೆ ಏನೆಂದರೆ ಕಾರ್ಬನ್ ಹಾಗೆಲ್ಲ ಸುಲಭಕ್ಕೆ ಬಗ್ಗುವ ಪೈಕಿ ಅಲ್ಲ. ಬೆಂಜೀನ್ ಉಂಗುರದಲ್ಲಿರುವ ಕಾರ್ಬನ್ ಅಂತೂ ತನ್ನ ಸಂಸಾರ ತನಗೆ ಸಾಕು ಎಂದು ಕುಳಿತುಬಿಟ್ಟಿರುತ್ತದೆ. 1912ರಲ್ಲಿ ನೊಬೆಲ್ ಪಡೆದ ವಿಕ್ಟರ್ ಗ್ರಿನ್ಯಾರ್ ಕಂಡುಹಿಡಿದ ಮೆಗ್ನೀಸಿಯಂ ವಿಧಾನ ಇತ್ತು, ಪಿಯುಸಿಯಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಅದಕ್ಕೆ ನೀರು ಸೋಕಿದರೆ ಕೆಲಸ ಕೆಟ್ಟಿತು. ಜೊತೆಗೆ ಅಣುವಿನಲ್ಲಿ ಬೇರೆ ಸೂಕ್ಷ್ಮ ಭಾಗಗಳಿದ್ದರೆ ಅವುಗಳ ಮೇಲೂ ಏರಿಹೋಗುತ್ತದೆ.

ಇಲ್ಲಿಗೆ ಬರುವುದು ಪಲ್ಲೇಡಿಯಂ. ಪರಮಾಣು ಸಂಖ್ಯೆ 46, ಬೆಳ್ಳಿಯ ಪಕ್ಕದ ಮನೆ. ಕಾರಿನ ಹೊಗೆ ಕೊಳವೆಯ ಕೆಟಲಿಟಿಕ್ ಕನ್ವರ್ಟರ್‌ನಲ್ಲೂ ಇರುವ ದುಬಾರಿ ಲೋಹ. ಇದರ ಗುಣ ನಮ್ಮೂರಿನ ಮದುವೆ ದಲ್ಲಾಳಿಯದ್ದು. ಗಂಡಿನ ಮನೆಗೂ ಹೋಗುತ್ತದೆ, ಹೆಣ್ಣಿನ ಮನೆಗೂ ಹೋಗುತ್ತದೆ, ಎರಡೂ ಕಡೆಯವರನ್ನು ಒಂದೇ ಜಗಲಿಯಲ್ಲಿ ಕೂರಿಸುತ್ತದೆ, ಸಂಬಂಧ ಕುದುರಿದ ಮೇಲೆ ತಾನು ಎದ್ದು ಮುಂದಿನ ಮನೆಗೆ ಹೊರಡುತ್ತದೆ. ಕ್ರಿಯಾವರ್ಧಕ, ಅಂದರೆ ಕೆಟಲಿಸ್ಟ್ ಎಂದರೆ ಇದೇ. ಕೆಲಸ ಮಾಡಿಸುತ್ತದೆ, ತಾನು ಖರ್ಚಾಗುವುದಿಲ್ಲ.

ಹೆಕ್ ಕ್ರಿಯೆಯಲ್ಲಿ ಇದು ನಾಲ್ಕು ಹೆಜ್ಜೆಯಲ್ಲಿ ನಡೆಯುತ್ತದೆ. ಉದಾಹರಣೆಗೆ ಅಯೋಡೋಬೆಂಜೀನ್ ತೆಗೆದುಕೊಳ್ಳಿ, ಅಂದರೆ ಬೆಂಜೀನ್ ಉಂಗುರಕ್ಕೆ ಅಂಟಿದ ಒಂದು ಅಯೋಡಿನ್. ಮೊದಲು ಪಲ್ಲೇಡಿಯಂ ಹೋಗಿ ಕಾರ್ಬನ್–ಅಯೋಡಿನ್ ನಡುವೆ ನುಗ್ಗಿ ಕೂರುತ್ತದೆ. ಎರಡನೆಯದಾಗಿ ಎಥಿಲೀನ್‌ನಂಥ ಆಲ್ಕೀನ್ ಒಂದನ್ನು ತನ್ನ ಬಳಿಗೆ ಕರೆಯುತ್ತದೆ. ಬೆಂಜೀನ್ ಉಂಗುರ ಪಲ್ಲೇಡಿಯಂ ಬಿಟ್ಟು ಆಲ್ಕೀನಿನ ಕಾರ್ಬನ್ನಿಗೆ ಕೂಡಿಕೊಳ್ಳುತ್ತದೆ. ಹೊಸ ಕಾರ್ಬನ್–ಕಾರ್ಬನ್ ಬಂಧ ಹುಟ್ಟುವುದು ಇಲ್ಲಿ. ಮೂರನೆಯ ಹೆಜ್ಜೆಯಲ್ಲಿ ಪಲ್ಲೇಡಿಯಂ ಒಂದು ಹೈಡ್ರೋಜನ್ನನ್ನು ಎತ್ತಿಕೊಂಡು ಹೊರಬೀಳುತ್ತದೆ, ಹಿಂದೆ ಸ್ಟೈರೀನ್ ಉಳಿಯುತ್ತದೆ. ಕೊನೆಗೆ, ಜೊತೆಯಲ್ಲಿ ಹಾಕಿದ್ದ ಪ್ರತ್ಯಾಮ್ಲವೊಂದು ಆ ಹೈಡ್ರೋಜನ್ನನ್ನೂ ಅಯೋಡಿನ್ನನ್ನೂ ಕಸಿದುಕೊಂಡು ಪಲ್ಲೇಡಿಯಂ ಅನ್ನು ಖಾಲಿ ಕೈಯಲ್ಲಿ ಬಿಡುತ್ತದೆ. ಅದು ಮತ್ತೆ ಮೊದಲ ಹೆಜ್ಜೆಗೆ ಸಿದ್ಧ. ನೂರು ಅಣುವಿಗೆ ಒಂದು ಪರಮಾಣು ಪಲ್ಲೇಡಿಯಂ ಇದ್ದರೂ ಸಾಕು.

ಪಾದರಸ ಬಿಟ್ಟ ಕಥೆ

ಇದೆಲ್ಲ ಒಂದೇ ದಿನದಲ್ಲಿ ಆದದ್ದಲ್ಲ. 1959ರಲ್ಲಿ ಜರ್ಮನಿಯ ವಾಕರ್ ಕಂಪನಿಯವರು ಪಲ್ಲೇಡಿಯಂ ಬಳಸಿ ಎಥಿಲೀನ್‌ನಿಂದ ಅಸಿಟಾಲ್ಡಿಹೈಡ್ ಮಾಡುವ ವಿಧಾನ ಪ್ರಕಟಿಸಿದ್ದರು. ಅದಕ್ಕೆ ಮುಂಚೆ ಅಸಿಟಾಲ್ಡಿಹೈಡ್ ತಯಾರಿಸಲು ಅಸಿಟಿಲೀನ್ ಅನಿಲ ಮತ್ತು ಪಾದರಸದ ಲವಣ ಬಳಸುತ್ತಿದ್ದರು. ಜಪಾನಿನ ಮಿನಮಾಟ ದುರಂತ ನೆನಪಿದೆಯೇ? ಪರಿಸರ ಅಧ್ಯಯನದ ಪರೀಕ್ಷೆಗೆ ಎರಡು ಅಂಕಕ್ಕೆ ಓದುತ್ತೇವಲ್ಲ, ಆ ಪಾದರಸ ಬಂದದ್ದು ಇಂಥದೇ ಅಸಿಟಾಲ್ಡಿಹೈಡ್ ಘಟಕದಿಂದ. ಒಂದು ಕ್ರಿಯಾವರ್ಧಕದ ಬದಲು ಇನ್ನೊಂದನ್ನು ಆರಿಸಿಕೊಳ್ಳುವುದು ಎಷ್ಟು ದೊಡ್ಡ ವಿಷಯ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ವಾಕರ್ ವಿಧಾನದಲ್ಲಿ ಪಲ್ಲೇಡಿಯಂ ಎಥಿಲೀನ್ ಜೊತೆ ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡಿದ ಹೆಕ್ ಅವರಿಗೆ ಇನ್ನೊಂದು ಯೋಚನೆ ಬಂತು. ಪಲ್ಲೇಡಿಯಂ ಮೇಲೆ ಕಾರ್ಬನ್ ಗುಂಪೊಂದನ್ನು ಕೂರಿಸಿದರೆ ಅದು ಎಥಿಲೀನಿಗೆ ಅಂಟುತ್ತದೆಯೇ? ಕೂರಿಸುವುದಕ್ಕೆ ಅವರು ಬಳಸಿದ್ದು ಬೆಂಜೀನ್ ಉಂಗುರ ಹೊತ್ತ ಪಾದರಸದ ಸಂಯುಕ್ತ. ದ್ರಾವಣ ಕಪ್ಪಾಯಿತು, ಪಲ್ಲೇಡಿಯಂ ಲೋಹವಾಗಿ ತಳಕ್ಕಿಳಿಯಿತು, ಸ್ಟೈರೀನ್ ಸಿಕ್ಕಿತು. 1968ರ ಏಳು ಪ್ರಬಂಧಗಳ ಹಿಂದಿರುವುದು ಈ ಪ್ರಯೋಗ.

ಆದರೆ ಎರಡು ತೊಡಕು. ಪಲ್ಲೇಡಿಯಂ ಪ್ರತಿ ಬಾರಿಯೂ ಖರ್ಚಾಗಿ ತಳ ಸೇರುತ್ತಿತ್ತು. ಅದನ್ನು ತಾಮ್ರದ ಲವಣದಿಂದ ಮತ್ತೆ ಎಬ್ಬಿಸಬಹುದು ಎಂದು ಅವರೇ ತೋರಿಸಿದರು. ಎರಡನೆಯ ತೊಡಕು ಪಾದರಸ. ಅದನ್ನು ಬಿಡಿಸಲು ಮತ್ತೆ ನಾಲ್ಕು ವರ್ಷ ಬೇಕಾಯಿತು. 1971ರಲ್ಲಿ ಹೆಕ್ ಕಂಪನಿ ಬಿಟ್ಟು ಡೆಲವೇರ್ ವಿಶ್ವವಿದ್ಯಾಲಯ ಸೇರಿದ್ದರು. 1972ರಲ್ಲಿ ಅವರು ಮತ್ತು ವಿದ್ಯಾರ್ಥಿ ನೊಲಿ ಸೇರಿ ಹೊಸ ರೂಪ ಪ್ರಕಟಿಸಿದರು. ಪಾದರಸವಿಲ್ಲ, ತಾಮ್ರವಿಲ್ಲ. ಬೆಂಜೀನ್ ಅಯೋಡೈಡ್, ಆಲ್ಕೀನ್, ಪ್ರತ್ಯಾಮ್ಲವಾಗಿ ಒಂದು ಅಮೀನ್, ಚಿಟಿಕೆ ಪಲ್ಲೇಡಿಯಂ ಅಸಿಟೇಟ್, 100 ಡಿಗ್ರಿ ಸೆಲ್ಸಿಯಸ್ ಬಿಸಿ. ನಾನು ಮೇಲೆ ಹೇಳಿದ ನಾಲ್ಕು ಹೆಜ್ಜೆ ಈ ರೂಪದ್ದೇ. ನಾಲ್ಕು ವರ್ಷದಲ್ಲಿ ಒಂದು ವಿಷವನ್ನು ಕ್ರಿಯೆಯಿಂದ ತೆಗೆದುಹಾಕಿದ್ದು ನನ್ನ ಲೆಕ್ಕದಲ್ಲಿ ಆ ಏಳು ಪ್ರಬಂಧಗಳಷ್ಟೇ ದೊಡ್ಡ ಕೆಲಸ.

ಟೋಕಿಯೊದ ಇನ್ನೊಂದು ಹೆಸರು

ಇಲ್ಲಿ ಇನ್ನೊಬ್ಬರನ್ನು ನೆನೆಯಲೇಬೇಕು. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಟ್ಸುಟೊಮು ಮಿಜೊರೊಕಿ ಹೆಚ್ಚುಕಡಿಮೆ ಇದೇ ಕ್ರಿಯೆಯನ್ನು 1971ರಲ್ಲಿ, ಹೆಕ್ ಅವರಿಗಿಂತ ಒಂದು ವರ್ಷ ಮುಂಚೆ, ಜಪಾನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಅಯೋಡೋಬೆಂಜೀನ್, ಎಥಿಲೀನ್, ಪಲ್ಲೇಡಿಯಂ ಕ್ಲೋರೈಡ್, 120 ಡಿಗ್ರಿ ಬಿಸಿ. ಹೆಕ್ ತಮ್ಮ 1972ರ ಪ್ರಬಂಧದಲ್ಲಿ ಅದನ್ನು ಉಲ್ಲೇಖಿಸಿದರು. ಮಿಜೊರೊಕಿ 1980ರಲ್ಲೇ ತೀರಿಕೊಂಡರು. ನೊಬೆಲ್ ಪ್ರಶಸ್ತಿಯನ್ನು ತೀರಿಹೋದವರಿಗೆ ಕೊಡುವುದಿಲ್ಲ. ಇಂದು ಅನೇಕ ಪುಸ್ತಕಗಳು ಈ ಕ್ರಿಯೆಯನ್ನು ‘ಮಿಜೊರೊಕಿ–ಹೆಕ್ ಕ್ರಿಯೆ’ ಎಂದೇ ಬರೆಯುತ್ತವೆ.

ಪ್ರಾಜೆಕ್ಟ್ ರಿಪೋರ್ಟ್ ಅಂಗಡಿಯಲ್ಲಿ ರೆಡಿಮೇಡ್ ಸಿಗುವ ಊರಿನಲ್ಲಿ ಓದುತ್ತಿರುವ ನಮಗೆ ‘ನನಗಿಂತ ಮುಂಚೆ ಇವರು ಮಾಡಿದ್ದಾರೆ’ ಎಂದು ಒಂದು ಸಾಲು ಬರೆಯುವುದು ಫಾರ್ಮಾಲಿಟಿ ಅನ್ನಿಸಬಹುದು. ಆ ಸಾಲು ಬರೆದದ್ದರಿಂದ ಹೆಕ್ ಅವರ ಹೆಸರು ಸಣ್ಣದಾಗಲಿಲ್ಲ. ಮಿಜೊರೊಕಿ ಹೆಸರು ಉಳಿಯಿತು.

ನಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ

1972ರ ನಂತರ ಪಲ್ಲೇಡಿಯಂ ಕೆಮಿಸ್ಟ್ರಿ ಒಂದು ದೊಡ್ಡ ಮನೆತನವಾಗಿ ಬೆಳೆಯಿತು. 1977ರಲ್ಲಿ ಎ-ಇಚಿ ನೆಗಿಶಿ ಸತುವಿನ ಸಂಯುಕ್ತಗಳನ್ನು, 1979ರಲ್ಲಿ ಅಕಿರಾ ಸುಜುಕಿ ತಮ್ಮ ಸಹೋದ್ಯೋಗಿ ನೊರಿಯೊ ಮಿಯೌರಾ ಜೊತೆ ಬೋರಾನ್ ಸಂಯುಕ್ತಗಳನ್ನು ಇದೇ ದಲ್ಲಾಳಿಯ ಮೂಲಕ ಜೋಡಿಸಿ ತೋರಿಸಿದರು. 2010ರ ನೊಬೆಲ್ ಅನ್ನು ಹೆಕ್, ನೆಗಿಶಿ, ಸುಜುಕಿ ಮೂವರೂ ಹಂಚಿಕೊಂಡರು.

ಇದೆಲ್ಲ ದೂರದ ಮಾತು ಅನ್ನಿಸಿದರೆ ಮನೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ಬೆಂಗಳೂರಿನ ದೂಳಿಗೆ ಮೂಗು ಸೋರುವವರಲ್ಲಿ ಬಹಳ ಮಂದಿಗೆ ಡಾಕ್ಟರ್ ಬರೆದುಕೊಡುವ ಮಾಂಟೆಲುಕಾಸ್ಟ್ ಇದೆಯಲ್ಲ, ಅದರ ತಯಾರಿಕೆಗೆ ರೂಪಿಸಿದ ದಾರಿಯಲ್ಲಿ ಹೆಕ್ ಕ್ರಿಯೆಯ ಒಂದು ಹೆಜ್ಜೆ ಇದೆ. ನೋವಿನ ಮಾತ್ರೆ ನ್ಯಾಪ್ರೊಕ್ಸೆನ್ ಅನ್ನು ಕಾರ್ಖಾನೆಯಲ್ಲಿ ಮಾಡುವ ವಿಧಾನಗಳಲ್ಲೊಂದು ಶುರುವಾಗುವುದೇ ಎಥಿಲೀನ್ ಜೊತೆಗಿನ ಹೆಕ್ ಕ್ರಿಯೆಯಿಂದ. ಬಿಪಿಗೆ ಕೊಡುವ ಲೋಸಾರ್ಟನ್‌ನ ಎರಡು ಬೆಂಜೀನ್ ಉಂಗುರಗಳನ್ನು ಜೋಡಿಸಲು ಸುಜುಕಿ ಕ್ರಿಯೆಯನ್ನು ಬಳಸುವ ವಿಧಾನವೂ ರೂಪುಗೊಂಡಿತು. ಶಿಲೀಂಧ್ರನಾಶಕ ಬೋಸ್ಕಾಲಿಡ್ ಕೂಡ ಸುಜುಕಿ ಕ್ರಿಯೆಯಿಂದಲೇ ಬರುತ್ತದೆ. ಡಿಎನ್‌ಎ ಓದುವ ಯಂತ್ರಗಳಿಗಾಗಿ ಡಿಎನ್‌ಎ ಅಕ್ಷರಗಳಿಗೆ ಹೊಳೆಯುವ ಬಣ್ಣ ಅಂಟಿಸುವುದಕ್ಕೂ ಪಲ್ಲೇಡಿಯಂ ಜೋಡಣೆ ನೆರವಾಯಿತು.

ಕೆಮಿಕಲ್ ಎಂಜಿನಿಯರ್‌ಗೆ ಇಲ್ಲಿ ಏನು ಕೆಲಸ ಎಂದು ಕೇಳುವ ಜೂನಿಯರ್‌ಗಳಿಗೆ ಒಂದು ಲೆಕ್ಕ ಹೇಳುತ್ತೇನೆ. ಕ್ರಿಯೆ ಮುಗಿದ ಮೇಲೆ ಪಲ್ಲೇಡಿಯಂ ಮಾತ್ರೆಯಲ್ಲಿ ಉಳಿಯಬಾರದು. ಔಷಧ ತಯಾರಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಬಾಯಿಂದ ತೆಗೆದುಕೊಳ್ಳುವ ಔಷಧದ ಮೂಲಕ ಒಬ್ಬರ ದೇಹಕ್ಕೆ ದಿನಕ್ಕೆ 100 ಮೈಕ್ರೊಗ್ರಾಂಗಿಂತ ಹೆಚ್ಚು ಪಲ್ಲೇಡಿಯಂ ಹೋಗುವಂತಿಲ್ಲ. ಒಂದು ಗ್ರಾಮಿನ ಹತ್ತು ಸಾವಿರದ ಒಂದು ಭಾಗ. ಲ್ಯಾಬಿನ ಫ್ಲಾಸ್ಕಿನಲ್ಲಿ ಇದು ಸುಲಭ. ಸಾವಿರ ಲೀಟರಿನ ರಿಯಾಕ್ಟರಿನಲ್ಲಿ ಬಿಸಿ ಎಲ್ಲ ಕಡೆ ಸಮನಾಗಿ ಹರಡುವಂತೆ ನೋಡಿಕೊಂಡು, ಅಷ್ಟು ದುಬಾರಿ ಲೋಹವನ್ನು ಕಾರ್ಬನ್ ಮೇಲೋ ರಾಳದ ಮೇಲೋ ಹಿಡಿದು, ಸೋಸಿ ತೆಗೆದು, ಮತ್ತೆ ಬಳಸುವಂತೆ ಮಾಡುವುದು ಯಾರ ಕೆಲಸ? ಮಾಸ್ ಟ್ರಾನ್ಸ್‌ಫರ್, ಹೀಟ್ ಟ್ರಾನ್ಸ್‌ಫರ್, ಫಿಲ್ಟ್ರೇಶನ್ ಓದಿದ ನಮ್ಮದೇ. ಬೊಮ್ಮಸಂದ್ರ, ಜಿಗಣಿ, ನಂಜನಗೂಡು, ಬೀದರಿನ ಕೊಳಾರದಲ್ಲಿ ಔಷಧ ಕಾರ್ಖಾನೆಗಳಿವೆ. ಯಾವ ಔಷಧ, ಯಾವ ಕ್ರಿಯೆ ಎಂಬುದು ಬದಲಾಗಬಹುದು, ಈ ಬಗೆಯ ಪ್ರಶ್ನೆಗಳು ಬದಲಾಗುವುದಿಲ್ಲ.

ಹಣ ನಿಂತಾಗ

ಈಗ ಸಂಕಟದ ಭಾಗ. ಡೆಲವೇರ್‌ನಲ್ಲಿ ಹೆಕ್ ಸುಮಾರು 18 ವರ್ಷ ಪಾಠ ಮಾಡಿದರು, ಸಂಶೋಧನೆ ಮಾಡಿದರು, 1985ರಲ್ಲಿ ಪಲ್ಲೇಡಿಯಂ ಬಗ್ಗೆ ಒಂದು ಪುಸ್ತಕ ಬರೆದರು. ಆದರೆ ಸಂಶೋಧನೆಗೆ ಅನುದಾನ ಸಿಗುವುದು ಕಷ್ಟವಾಗುತ್ತ ಬಂತು. 1989ರಲ್ಲಿ, ಇನ್ನೂ 60 ತುಂಬುವ ಮೊದಲೇ, ನಿವೃತ್ತಿ ಪಡೆದರು.

ಕಾಲದ ಲೆಕ್ಕ ಗಮನಿಸಿ. ಔಷಧ ಕಂಪನಿಗಳು ಪಲ್ಲೇಡಿಯಂ ಜೋಡಣೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಬಹುಮಟ್ಟಿಗೆ ಅದರ ನಂತರ. ತಾನು ನೆಟ್ಟ ತೆಂಗಿನ ಸಸಿ ಫಸಲು ಕೊಡುವ ಹೊತ್ತಿಗೆ ತೋಟವೇ ಕೈಬಿಟ್ಟು ಹೋದಂತೆ. ಹೆಕ್ ತಮ್ಮ ಪತ್ನಿ ಸೊಕೊರೊ ಅವರ ದೇಶ ಫಿಲಿಪ್ಪೀನ್ಸ್‌ಗೆ ಹೋಗಿ ನೆಲೆಸಿದರು. 2010ರ ಅಕ್ಟೋಬರಿನಲ್ಲಿ ನೊಬೆಲ್ ಸುದ್ದಿ ಬಂದಾಗ ಅವರು ಇದ್ದದ್ದು ಅಲ್ಲೇ, ಲ್ಯಾಬಿನಿಂದ ದೂರವಾಗಿ ಎರಡು ದಶಕಗಳು ಕಳೆದಿದ್ದವು. ಒಂದು ಕೋಟಿ ಸ್ವೀಡಿಷ್ ಕ್ರೋನರ್ ಬಹುಮಾನದಲ್ಲಿ ಮೂರನೇ ಒಂದು ಪಾಲು ಅವರದ್ದು. 2012ರಲ್ಲಿ ಪತ್ನಿ ತೀರಿಕೊಂಡರು. ಮಕ್ಕಳಿರಲಿಲ್ಲ. 2015ರ ಅಕ್ಟೋಬರ್ 9ರಂದು ಮನಿಲಾದಲ್ಲಿ 84ನೇ ವಯಸ್ಸಿನಲ್ಲಿ ಹೆಕ್ ಕಣ್ಣುಮುಚ್ಚಿದರು.

ನೊಬೆಲ್ ಬರದೇ ಹೋಗಿದ್ದರೆ? ಆಗಲೂ ಆ ಕ್ರಿಯೆ ಅಷ್ಟೇ ಚೆನ್ನಾಗಿ ನಡೆಯುತ್ತಿತ್ತು. ಆದರೆ 1989ರಲ್ಲಿ ಅನುದಾನ ಸಿಕ್ಕಿದ್ದರೆ ಇನ್ನೂ ಏನೇನು ಬರುತ್ತಿತ್ತೋ, ಆ ಲೆಕ್ಕ ಯಾರ ಬಳಿಯೂ ಇಲ್ಲ. ಪ್ರಶಸ್ತಿ ತಡವಾಗಿಯಾದರೂ ಬರಬಹುದು. ಕೆಲಸ ಮಾಡುವ ವಯಸ್ಸಿಗೆ ಬೇಕಾದ ಹಣ ತಡವಾಗಿ ಬಂದರೆ ಪ್ರಯೋಜನವಿಲ್ಲ. ನಮ್ಮ ದೇಶದಲ್ಲಿ ಫೆಲೋಶಿಪ್ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವ ಸೀನಿಯರ್‌ಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಏನು ತೆಗೆದುಕೊಂಡೆ

ನಮ್ಮೂರು ಅರಸೀಕೆರೆ ಹತ್ತಿರದ ಹಳ್ಳಿ. ಅಪ್ಪ ತೆಂಗು ಬೆಳೆಗಾರ. ಕೊಬ್ಬರಿ ರೇಟು ಬಿದ್ದ ವರ್ಷ ನನ್ನ ಫೀಸಿಗೆ ಬ್ಯಾಂಕ್ ಸಾಲ ಮಾಡಿದ್ದಾರೆ. ಆದ್ದರಿಂದ ‘ಪ್ಯಾಷನ್ ಹಿಂದೆ ಹೋಗು, ಸಂಬಳ ನೋಡಬೇಡ’ ಎಂದು ಬರೆಯುವ ಅಧಿಕಾರ ನನಗಿಲ್ಲ. ನಮ್ಮ ಬ್ಯಾಚಿನಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೆ ಹೆಸರು ಕೊಟ್ಟ ಗೆಳೆಯರನ್ನು ಹಗುರಾಗಿ ನೋಡುವ ಹಕ್ಕೂ ಇಲ್ಲ. ಇಎಂಐ ಅನ್ನುವುದು ಯಾರ ಕನಸನ್ನೂ ಕೇಳಿ ಬರುವುದಿಲ್ಲ.

ಮುಂದಿನ ತಿಂಗಳು ಪ್ಲೇಸ್‌ಮೆಂಟ್ ನೋಂದಣಿ. ನಾನು ಕೋರ್ ಕಂಪನಿಗಳ ಪಟ್ಟಿಯಲ್ಲಿ ಹೆಸರು ಬರೆಸುತ್ತಿದ್ದೇನೆ. ಪ್ಯಾಕೇಜ್ ಕಡಿಮೆ, ಊರಾಚೆಯ ಇಂಡಸ್ಟ್ರಿಯಲ್ ಏರಿಯಾ, ಶಿಫ್ಟ್ ಡ್ಯೂಟಿ ಎಂಬುದು ಗೊತ್ತು. ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಲ ತೀರೋಕೆ ಎರಡು ವರ್ಷ ಜಾಸ್ತಿ ಹಿಡಿಯತ್ತೆ ಅಷ್ಟೇ ತಾನೆ ಮಗ, ಲೆಕ್ಕ ಹಾಕ್ಕೊಂಡು ಮಾಡು” ಅಂದರು. ಆ ಲೆಕ್ಕವನ್ನು ಕಾಗದದ ಮೇಲೆ ಹಾಕಿದೆ. ಬಿಗಿ ಇದೆ, ಆದರೆ ನಡೆಯುತ್ತದೆ. ನಡೆಯದಿದ್ದರೆ ಬೇರೆ ಪಟ್ಟಿಯಲ್ಲಿ ಹೆಸರು ಬರೆಸುತ್ತಿದ್ದೆ.

ಆದರೆ ಸಂದರ್ಶನಕ್ಕೆ ಕೂರುವಾಗ ಕೇಳಬೇಕಾದ ಪ್ರಶ್ನೆಗಳನ್ನು ಹೆಕ್ ಅವರ ಬದುಕು ನೋಡಿ ಬರೆದುಕೊಂಡಿದ್ದೇನೆ. ಹೊಸಬರಿಗೆ ಮೊದಲ ವರ್ಷ ಯಾವ ವಿಭಾಗ? ಆರ್ ಅಂಡ್ ಡಿಗೂ ಪ್ಲಾಂಟಿಗೂ ನಡುವೆ ಓಡಾಟ ಇದೆಯೇ? ಕಂಪನಿಯವರು ಪ್ರಬಂಧ ಪ್ರಕಟಿಸಲು ಬಿಡುತ್ತಾರೆಯೇ? ಎಚ್‌ಆರ್ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ‘ನಥಿಂಗ್ ಸರ್’ ಎಂದು ಎದ್ದುಬರುವ ಬದಲು ಇವನ್ನು ಕೇಳಬಹುದಲ್ಲವೇ. ಹೆಕ್ ಅವರ ಪ್ರತಿಭೆ ಅವರದ್ದೇ, ನಿಜ. ಜೊತೆಗೆ ಒಂದು ಲ್ಯಾಬ್, ನಂಬಿ ಬಿಟ್ಟ ಒಬ್ಬ ಮೇಲಧಿಕಾರಿ, ಪ್ರಕಟಿಸಲು ಬಿಟ್ಟ ಕಂಪನಿ ಇವೂ ಇದ್ದವು. ಈ ಮೂರರಲ್ಲಿ ಒಂದಾದರೂ ಇರುವ ಜಾಗ ಹುಡುಕುವುದು ನಮ್ಮ ಕೈಯಲ್ಲಿದೆ.

ಯಾವ ಕೆಲಸಕ್ಕೇ ಸೇರಿದರೂ ಮಾಡಬಹುದಾದದ್ದು ಇನ್ನೊಂದಿದೆ. ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯೀಲ್ಡ್ ಎಷ್ಟು ಬಂತು?’ ಎಂಬುದು. ಹೆಕ್ ಜೀವನವಿಡೀ ಕೇಳಿದ್ದು ‘ಒಳಗೆ ಏನಾಯಿತು?’ ಎಂಬುದನ್ನು. ಕೋಬಾಲ್ಟ್ ಬಗ್ಗೆ ಆ ಪ್ರಶ್ನೆ ಕೇಳಿದ್ದಕ್ಕೆ ಪಲ್ಲೇಡಿಯಂ ಅರ್ಥವಾಯಿತು, ಪಲ್ಲೇಡಿಯಂ ಅರ್ಥವಾದದ್ದಕ್ಕೆ ಪಾದರಸ ಬಿಡಲು ಸಾಧ್ಯವಾಯಿತು. ಕೋಡ್ ಬರೆಯುವವರಾಗಲಿ, ಬಾಯ್ಲರ್ ನೋಡಿಕೊಳ್ಳುವವರಾಗಲಿ, ಇನ್ನೂ ಕೆಲಸ ಹುಡುಕುತ್ತಿರುವವರಾಗಲಿ, ಈ ಪ್ರಶ್ನೆ ಕೇಳುವುದಕ್ಕೆ ಆಫರ್ ಲೆಟರ್ ಬೇಕಿಲ್ಲ.

ಸುಮ್ಮನೆ ಒಂದು ಕೆಲಸ ಮಾಡಿ. ಈ ವಾರ ನಿಮ್ಮ ಸಬ್ಜೆಕ್ಟಿನಲ್ಲಿ ಯಾರದ್ದೋ ಹೆಸರು ಹೊತ್ತ ಒಂದು ನಿಯಮ, ಒಂದು ಕ್ರಿಯೆ, ಒಂದು ಆಲ್ಗರಿದಂ ಆರಿಸಿಕೊಳ್ಳಿ. ಆ ಹೆಸರಿನವರು ಅದನ್ನು ಮಾಡುವಾಗ ಎಲ್ಲಿ ಕೆಲಸಕ್ಕಿದ್ದರು, ಯಾರು ಸಂಬಳ ಕೊಡುತ್ತಿದ್ದರು, ಅವರಿಗಿಂತ ಮುಂಚೆ ಅದನ್ನು ಯಾರು ಮಾಡಿದ್ದರು ಎಂದು ಹುಡುಕಿ ನೋಡಿ. ಪರೀಕ್ಷೆಗೆ ಇದು ಬರುವುದಿಲ್ಲ. ಆದರೆ ಕೆಲಸ ಬೇರೆ, ಸಂಶೋಧನೆ ಬೇರೆ ಎಂದು ಮುಂದೆ ಯಾರಾದರೂ ಹೇಳಿದಾಗ ನಿಮ್ಮ ಬಳಿಯೂ ಹೇಳುವುದಕ್ಕೆ ಒಂದು ಹೆಸರಿರುತ್ತದೆ.